ಹತ್ತಕ್ಕೆ ಒಂಬತ್ತು

ಜನವರಿ ೯

ತಮ್ಮ,

ನಾನು ಕ್ಷೇಮವಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕ್ಷೇಮವಾಗಿದ್ದಿದ್ದರೆ ನಿನಗೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಆರು ವರ್ಷ ಬರೆಯದೆ ಇದ್ದವಳು ಇನ್ನಾರು ವರ್ಷವೂ ಆರಾಮಾಗಿ ಇರುತ್ತಿದ್ದೆ.

ಕಳೆದ ಸೋಮವಾರ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊದಿಕೆಗಳನ್ನು ಇಸ್ತ್ರಿ ರೋಲರಿಗೆ ಕೊಡುತ್ತಿದ್ದಾಗ ಬಲಗೈಯಿಂದ ಬಟ್ಟೆಯ ತುದಿ ಜಾರಿತು. ಮತ್ತೆ ಹಿಡಿಯಲು ಹೋದೆ, ಕೈ ನನ್ನ ಮಾತು ಕೇಳಲಿಲ್ಲ. ಹತ್ತು ನಿಮಿಷಕ್ಕೆ ಸರಿಹೋಯಿತು. ಅಷ್ಟರಲ್ಲಿ ಜೊತೆಯ ಹೆಂಗಸು ಓಡಿಹೋಗಿ ಮೇಲಿನಿಂದ ಒಬ್ಬ ಡಾಕ್ಟರಮ್ಮನನ್ನು ಕರೆತಂದಿದ್ದಳು. ಇಪ್ಪತ್ತೆಂಟು ವರ್ಷ ಇವರ ರಕ್ತ ಮೆತ್ತಿದ ಬಟ್ಟೆಗಳನ್ನು ಒಗೆದಿದ್ದೇನೆ. ಡಾಕ್ಟರೊಬ್ಬರು ಆ ಮೆಟ್ಟಿಲು ಇಳಿದು ಬಂದದ್ದು ಇದೇ ಮೊದಲು. ಕೆಳಗೆ ಇಷ್ಟು ಸೆಕೆ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲವಂತೆ.

ಬಿ.ಪಿ. ಇನ್ನೂರ ಹತ್ತು. ಮೂತ್ರಪಿಂಡ ಅರ್ಧ ಕೆಲಸ ನಿಲ್ಲಿಸಿದೆ. ಐವತ್ತೊಂದು ವರ್ಷಕ್ಕೆ ಇದು ಹೆಚ್ಚಾಯಿತು ಎಂದು ಅವಳ ಅಭಿಪ್ರಾಯ.

"ಒಡಹುಟ್ಟಿದವರು ಇದ್ದಾರಾ? ಅವರಿಗೆ ಏನೇನು ಕಾಯಿಲೆ ಇದೆ ಕೇಳ್ಕೊಂಡು ಬನ್ನಿ."

"ಒಬ್ಬ ತಮ್ಮ ಇದ್ದಾನೆ. ಮೇಷ್ಟ್ರು. ಒಳ್ಳೆಯವನು ಅನ್ನಿಸ್ಕೊಳ್ಳೋದೇ ಅವನ ಕಾಯಿಲೆ," ಅಂದೆ. ನಗಲಿಲ್ಲ. ಓದಿದವರಿಗೆ ನಗು ಕಡಿಮೆ.

ನಿನ್ನ ಕಾಯಿಲೆಗಳ ಪಟ್ಟಿ ಮಾಡಿ ಕಳಿಸು. ಬೇರೇನೂ ಬರೆಯಬೇಡ. ಅಪ್ಪನ ಬಗ್ಗೆಯಂತೂ ಬೇಡವೇ ಬೇಡ. ಅವನನ್ನು ಮಣ್ಣಿಗೆ ಹಾಕಿದ ದಿನ ನಾಲ್ಕು ಜನರ ಮುಂದೆ ನಿಂತು 'ಶಿಸ್ತಿನ ಮನುಷ್ಯ' ಎಂದೆಯಲ್ಲ, ಅದು ನನ್ನ ಕಿವಿಯಲ್ಲಿ ಇನ್ನೂ ಕೊಳೆಯುತ್ತಿದೆ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ,
ಅಕ್ಕ


ಜನವರಿ ೨೦

ಅಕ್ಕಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಸ್ವಲ್ಪ ಹೊತ್ತು ಒಡೆಯದೆ ಇಟ್ಟುಕೊಂಡಿದ್ದೆ.

ಪಟ್ಟಿ ಇದು. ಉಬ್ಬಸ, ಹತ್ತನೇ ವಯಸ್ಸಿನಿಂದ. ಹೊಟ್ಟೆ ಹುಣ್ಣು, ಇಪ್ಪತ್ತಮೂರಕ್ಕೆ ಒಮ್ಮೆ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ್ದೆ. ಎರಡು ವರ್ಷದ ಹಿಂದೆ, ನಲವತ್ತು ತುಂಬಿದ ತಿಂಗಳಲ್ಲಿ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ನಿನಗೆ ತಿಳಿಸಲಿಲ್ಲ. ತಿಳಿಸಿದರೆ ಏನೆನ್ನುತ್ತೀಯೋ ಎಂದು ಭಯವಾಯಿತು.

ಇನ್ನೊಂದು ಇದೆ, ಕಾಯಿಲೆಗೆ ಸೇರುತ್ತದೋ ಇಲ್ಲವೋ. ಯಾರಾದರೂ ಹಿಂದಿನಿಂದ ಬಂದು ಮಾತಾಡಿಸಿದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತದೆ. ತರಗತಿಯ ಮಕ್ಕಳಿಗೆ ಇದು ಗೊತ್ತಿದೆ. ಪಾಪ, ಎದುರಿನಿಂದ ಸುತ್ತಿಕೊಂಡು ಬರುತ್ತವೆ.

ನೀನು ಬೇಡವೆಂದರೂ ಅಪ್ಪನ ಬಗ್ಗೆ ಒಂದು ಸಾಲು. ಅವತ್ತು ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಏನಾದರೂ ಹೇಳಲೇಬೇಕಿತ್ತು. ಹೇಳಿದ ಮೇಲೆ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅಷ್ಟರಲ್ಲಿ ನೀನು ಬಸ್ಸು ಹತ್ತಿ ಆಗಿತ್ತು.

ನಿನ್ನ ತಮ್ಮ


ಫೆಬ್ರವರಿ ೬

ತಮ್ಮ,

ವಾಂತಿ ಮಾಡಿಕೊಂಡೆಯಾ. ಜನರ ಮುಂದೆಯೇ ಮಾಡಿಕೊಂಡಿದ್ದರೆ ಅದೇ ಒಳ್ಳೆಯ ಭಾಷಣವಾಗುತ್ತಿತ್ತು.

ನಿನ್ನ ಪಟ್ಟಿಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಎರಡು ಸಲ ಓದಿ, ಮೇಜಿನಿಂದ ಒಂದು ಹಾಳೆ ತೆಗೆದಳು. ಹತ್ತು ಪ್ರಶ್ನೆ. ಹದಿನೆಂಟು ತುಂಬುವ ಮೊದಲು ಮನೆಯಲ್ಲಿ ಯಾರಾದರೂ ನಿಮ್ಮನ್ನು ಹೊಡೆಯುತ್ತಿದ್ದರೇ? ಹೀಯಾಳಿಸುತ್ತಿದ್ದರೇ? ಹಸಿದುಕೊಂಡು ಮಲಗಿದ್ದುಂಟೇ? ಮನೆಯಲ್ಲಿ ಕುಡುಕರಿದ್ದರೇ? ತಂದೆತಾಯಿ ಬೇರೆಯಾಗಿದ್ದರೇ? ಅಂಗಡಿಯ ಸಾಮಾನಿಗೆ ಗುರುತು ಹಾಕುವ ಹಾಗೆ ಹೌದು, ಹೌದು ಎನ್ನುತ್ತಾ ಹೋದೆ. ಕೊನೆಗೆ ಕೂಡಿಸಿದಳು. ಹತ್ತಕ್ಕೆ ಒಂಬತ್ತು. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಅಂಕ ಬಂದದ್ದಿಲ್ಲ.

ಆಮೇಲೆ ವಿವರಿಸಿದಳು. ಮಗುವಿಗೆ ದಿನಾ ಭಯವಾದರೆ ಮೈ ಓಡಲು ಸಿದ್ಧವಾಗುತ್ತದಂತೆ. ಎದೆ ಹೊಡೆದುಕೊಳ್ಳುತ್ತದೆ, ರಕ್ತ ಏರುತ್ತದೆ. ಭಯ ಹೋದ ಮೇಲೆ ಇಳಿಯಬೇಕು. ಭಯ ಹೋಗದೆ ವರ್ಷಗಟ್ಟಲೆ ಉಳಿದರೆ ಇಳಿಯುವುದನ್ನು ಮೈ ಮರೆತುಬಿಡುತ್ತದಂತೆ. ಎಲ್ಲರಿಗೂ ಹಾಗೇ ಆಗಬೇಕೆಂದಿಲ್ಲ, ಆದರೆ ಆಗುವ ಸಂಭವ ಹೆಚ್ಚು, ಎಂದಳು.

"ಇಷ್ಟು ತಿಳಿಯೋಕೆ ಎಷ್ಟು ವರ್ಷ ಓದಿದ್ರಿ?" ಅಂತ ಕೇಳಿದೆ.

"ಹನ್ನೊಂದು."

"ನಾನು ಅಪ್ಪನ ಬೂಟಿನ ಸದ್ದು ಕೇಳ್ಕೊಂಡೇ ಇದನ್ನ ಕಲಿತಿದ್ದೆ."

ಮಾತ್ರೆ ಬರೆದುಕೊಟ್ಟಳು. ಅದರ ಜೊತೆಗೆ ಪ್ರತಿ ಗುರುವಾರ ಸಂಜೆ ಒಂದು ಕೂಟಕ್ಕೆ ಹೋಗಬೇಕಂತೆ. ಹಳೆಯ ಎಕ್ಸ್-ರೇ ಕೋಣೆಯಲ್ಲಿ. 'ಗರ್ಭಿಣಿಯರು ಒಳಗೆ ಬರಬಾರದು' ಎಂಬ ಫಲಕವನ್ನು ತೆಗೆಯುವ ಗೋಜಿಗೂ ಯಾರೂ ಹೋಗಿಲ್ಲ. ಒಳಗೆ ಏಳೆಂಟು ಕುರ್ಚಿ, ನನ್ನಂಥ ಏಳೆಂಟು ಹಳೇ ಸಾಮಾನು. ಒಬ್ಬಳಿದ್ದಾಳೆ, ಬಾಯಿ ತೆರೆಯುವ ಮೊದಲೇ ಬಿಕ್ಕುತ್ತಾಳೆ; ಬಿಕ್ಕಮ್ಮ ಎಂದು ಹೆಸರಿಟ್ಟಿದ್ದೇನೆ. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬ, ಬಿಸ್ಕತ್ತಿನ ಡಬ್ಬಿ ತಂದು ಎಲ್ಲರಿಗೂ ಹಂಚಿ, ಕೊನೆಯದನ್ನು ಎರಡು ಮಾಡಿ ಪಕ್ಕದವರಿಗೆ ದೊಡ್ಡ ಚೂರು ಕೊಡುತ್ತಾನೆ. ಅಂಥ ಸಂತರ ಪಕ್ಕ ಕೂತರೆ ನನ್ನ ಬಿ.ಪಿ. ಇನ್ನೂ ಏರುತ್ತದೆ. ಮೊದಲ ದಿನ ನಾನು ತುಟಿ ಬಿಚ್ಚಲಿಲ್ಲ. ಹೊರಡುವಾಗ ಎಲ್ಲರೂ ನನಗೆ ಥ್ಯಾಂಕ್ಸ್ ಹೇಳಿದರು. ಏತಕ್ಕೆ, ಕುರ್ಚಿ ಬಿಸಿ ಮಾಡಿದ್ದಕ್ಕೆ?

ಮುಂದಿನ ವಾರವೂ ಹೋಗುತ್ತೇನೆ. ಹೋದರೆ ಸಂಜೆಯ ಪಾಳಿಯಿಂದ ಬಿಡುಗಡೆ, ಅದಕ್ಕೆ.

ಅಕ್ಕ


ಫೆಬ್ರವರಿ ೨೫

ಅಕ್ಕಾ,

ನೀನು ಲಕೋಟೆಯಲ್ಲಿಟ್ಟಿದ್ದ ಹಾಳೆಯ ಹತ್ತು ಪ್ರಶ್ನೆಗಳಿಗೆ ನಾನೂ ಉತ್ತರ ಬರೆದುಕೊಂಡೆ. ನನ್ನದೂ ಒಂಬತ್ತು. ಆದರೆ ನಿನ್ನ ಒಂಬತ್ತೂ ನನ್ನ ಒಂಬತ್ತೂ ಒಂದೇ ಅಲ್ಲ. ಅಮ್ಮ ಮನೆ ಬಿಟ್ಟು ಹೋದಾಗ ನನಗೆ ಮೂರು ವರ್ಷ, ನಿನಗೆ ಹನ್ನೆರಡು. ಆಮೇಲಿನ ಐದು ವರ್ಷ ನನಗೆ ಬೀಳಬೇಕಾದದ್ದರಲ್ಲಿ ಮುಕ್ಕಾಲು ನಿನಗೆ ಬಿತ್ತು. ನೀನು ಹೋದ ಮೇಲಿನದು ಬೇರೆ ಲೆಕ್ಕ, ಅದು ಇಲ್ಲಿ ಬೇಡ.

ನಿನ್ನನ್ನು ಒಂದು ಮಾತು ಕೇಳಬೇಕು. ನನ್ನ ತರಗತಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಬೆಂಚಿನ ಮೇಲೆ ತಲೆ ಇಟ್ಟರೆ ನಿದ್ದೆ. ಎಬ್ಬಿಸಿದರೆ ಮೊದಲು ಎರಡೂ ಕೈ ಮುಖದ ಮುಂದೆ ಬರುತ್ತವೆ, ಆಮೇಲೆ ಕಣ್ಣು ತೆರೆಯುತ್ತಾಳೆ. ಮೊನ್ನೆ ಕುತ್ತಿಗೆಯ ಹಿಂದೆ ಬೆಲ್ಟಿನ ಗುರುತು ನೋಡಿದೆ. ಅಪ್ಪ ಗೋದಾಮಿನಲ್ಲಿ ಲಾರಿ ತುಂಬಿಸುವವನು. ಅಮ್ಮ ನೂಲಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಹೆಡ್‌ಮಾಸ್ಟರ್ ಹತ್ತಿರ ಹೋದೆ.

"ನೋಡ್ರಿ ಮೇಷ್ಟ್ರೇ, ಗೇಟಿನ ಒಳಗಿರೋದು ನಮ್ಮ ಜವಾಬ್ದಾರಿ. ಗೇಟಿನ ಆಚೆ ಅವರವರ ಮನೆ," ಅಂದರು.

ಅವರು ಕೆಟ್ಟವರಲ್ಲ. ಭಯಸ್ಥರು. ನಾನೂ ಭಯಸ್ಥನೇ. ಹೇಳು, ನಾವು ಚಿಕ್ಕವರಿದ್ದಾಗ ಯಾರಾದರೂ ಬಂದು ಏನು ಮಾಡಿದ್ದರೆ ಚೆನ್ನಾಗಿರುತ್ತಿತ್ತು ಅಂತ ನಿನಗೆ ಅನ್ನಿಸುತ್ತದೆ?

ನಿನ್ನ ತಮ್ಮ


ಮಾರ್ಚ್ ೪

ತಮ್ಮ,

ನಿನ್ನ ಪ್ರಶ್ನೆ ಓದಿ ಕಾಗದವನ್ನು ಮಡಚಿ ಬೂಟಿನ ಕೆಳಗೆ ಹಾಕಿ ತುಳಿಯೋಣ ಅನ್ನಿಸಿತು. ಆಮೇಲೆ ಉತ್ತರ ಗೊತ್ತಿರುವವಳು ನಾನೊಬ್ಬಳೇ ಎಂದು ನೆನಪಾಯಿತು.

ನಮ್ಮ ಕಟ್ಟಡದ ಮೆಟ್ಟಿಲಿಗೆ ಹತ್ತು ಮನೆ. ಹತ್ತೂ ಮನೆಗೆ ಎಲ್ಲವೂ ಕೇಳಿಸುತ್ತಿತ್ತು. ಎದುರುಮನೆಯ ಟೈಲರ್ ಹೆಂಡತಿ ನನ್ನ ಕೂಗು ಶುರುವಾದ ಕೂಡಲೇ ಕಿಟಕಿ ಹಾಕಿಕೊಳ್ಳುತ್ತಿದ್ದಳು, ಮಳೆ ಬಂದರೆ ಹಾಕಿಕೊಳ್ಳುವ ಹಾಗೆ. ಮರುದಿನ ಸಿಕ್ಕರೆ "ಎಷ್ಟು ಜಾಣೆ ನೀನು, ತಮ್ಮನ್ನ ಎಷ್ಟು ಚೆನ್ನಾಗಿ ನೋಡ್ಕೋತೀಯ" ಎಂದು ಗಲ್ಲ ಹಿಂಡುತ್ತಿದ್ದಳು. ನನ್ನ ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿದ ಡಾಕ್ಟರು ಅಪ್ಪನ ಬಾಯಿಂದ ಬರುತ್ತಿದ್ದ ಸಾರಾಯಿ ವಾಸನೆಗೆ ಮೂಗು ಮುಚ್ಚಿಕೊಂಡು 'ಮೆಟ್ಟಿಲಿಂದ ಬಿದ್ದದ್ದು' ಎಂದು ಬರೆದ. ಟೀಚರು ನಾನು ಶಾಲೆಗೆ ಬರದ ದಿನಗಳಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಸೊನ್ನೆ ಹಾಕಿದರು. ಎಷ್ಟು ಅಂದವಾದ ಸೊನ್ನೆಗಳು. ಎಲ್ಲರೂ ಸಭ್ಯರು. ಯಾರೂ ಯಾರ ಮನೆ ವಿಷಯಕ್ಕೂ ಮೂಗು ತೂರಿಸದ ಸಭ್ಯರು. ಅಪ್ಪನಿಗಿಂತ ಅವರನ್ನು ಕಂಡರೆ ನನಗೆ ಹೇಸಿಗೆ. ಅಪ್ಪನಿಗೆ ಕುಡಿತದ ನೆವವಾದರೂ ಇತ್ತು.

ಈ ಲೆಕ್ಕದಿಂದ ಒಬ್ಬಳನ್ನು ಬಿಡಬೇಕು. ನಿನಗೆ ನೆನಪಿರಲಾರದು. ಕೆಳಗೆ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದ ಗಂಡಸಿನಂಥ ಹೆಂಗಸು. ಸಂಜೆ ಐದರಿಂದ ಆರರವರೆಗೆ, ಅಪ್ಪ ಬರುವ ಹೊತ್ತಿಗೆ, ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ಅವಳ ಅಂಗಡಿಗೆ ಹೋಗುತ್ತಿದ್ದೆ. ಒಂದು ದಿನವೂ ಏನಾಯಿತು ಎಂದು ಕೇಳಲಿಲ್ಲ. ನಿನ್ನನ್ನು ಬಟ್ಟೆಯ ಗಂಟಿನ ಮೇಲೆ ಕೂರಿಸಿ, ನನ್ನ ಮುಂದೆ ಕರವಸ್ತ್ರದ ರಾಶಿ ಹಾಕಿ "ಮೂಲೆಗೆ ಮೂಲೆ ಸೇರ್ಸಿ ಮಡಚು" ಎನ್ನುತ್ತಿದ್ದಳು. ಆ ಒಂದು ಗಂಟೆ ನನ್ನ ಎದೆ ಸರಿಯಾಗಿ ಬಡಿದುಕೊಳ್ಳುತ್ತಿತ್ತು. ಡಾಕ್ಟರಮ್ಮನಿಗೆ ಇದನ್ನು ಹೇಳಿದೆ. "ನೀವು ಇವತ್ತು ನನ್ನ ಮುಂದೆ ಕೂತಿರೋದು ಬಹುಶಃ ಆ ಗಂಟೆಯಿಂದ," ಎಂದಳು. ಬಹುಶಃ ಎಂಬ ಪದ ಅವರಿಗೆ ಕಾಲೇಜಿನಲ್ಲೇ ಕಲಿಸುತ್ತಾರೆ ಎಂದು ಕಾಣುತ್ತದೆ. ಆದರೂ ತಲೆಗೆ ಹತ್ತಿದ ಮೊದಲ ಮಾತು ಅದು.

ಆ ಇಸ್ತ್ರಿಯವಳೂ ಸಾಲದಾದಳು. ಒಂದು ಗಂಟೆ ಕೊಟ್ಟು ಉಳಿದ ಇಪ್ಪತ್ತಮೂರಕ್ಕೆ ನಮ್ಮನ್ನು ಮೇಲೆ ಕಳಿಸುತ್ತಿದ್ದಳು. ಇನ್ನೊಬ್ಬಳು ಇನ್ನೊಂದು ಗಂಟೆ ಕೊಟ್ಟಿದ್ದರೆ, ಮತ್ತೊಬ್ಬ ಪೊಲೀಸಿಗೆ ಹೇಳಿದ್ದರೆ, ಟೀಚರು ಸೊನ್ನೆ ಹಾಕುವ ಬದಲು ಮನೆಗೆ ಬಂದಿದ್ದರೆ. ಇದೇ ನಿನಗೆ ಉತ್ತರ.

ಅಕ್ಕ


ಮಾರ್ಚ್ ೨೯

ಅಕ್ಕಾ,

ಎಲ್ಲ ಕೆಡಿಸಿಬಿಟ್ಟೆ.

ನಿನ್ನ ಕಾಗದ ಓದಿದ ಬಿಸಿಯಲ್ಲಿ ಶನಿವಾರ ಮಧ್ಯಾಹ್ನ ಶಾಲೆಯ ಫೈಲು ಬಗಲಲ್ಲಿಟ್ಟುಕೊಂಡು ಆ ಹುಡುಗಿಯ ಮನೆಗೆ ಹೋದೆ. ಮೂರನೇ ಮಹಡಿ. ಅಪ್ಪನೇ ಎದುರಾದ. "ನಿಮ್ಮ ಮಗಳ ವಿಷಯ ಮಾತಾಡಬೇಕಿತ್ತು" ಎಂದೆ. ನನ್ನ ದನಿ ಹತ್ತು ವರ್ಷದ ಹುಡುಗನ ದನಿಯಾಗಿಬಿಟ್ಟಿತು. ಅವನು ನಕ್ಕ. ಕಾಲರ್ ಹಿಡಿದು ಮೆಟ್ಟಿಲವರೆಗೆ ನಡೆಸಿದ, ಫೈಲನ್ನು ಕೆಳಗೆ ಎಸೆದ. ಹಾಳೆ ಆರಿಸಿಕೊಳ್ಳಲು ಮೂರು ಮಹಡಿ ಇಳಿದೆ. ಎರಡು ಮನೆಯವರು ಇಣುಕಿ ನೋಡಿ ಒಳಗೆ ಹೋದರು.

ಸೋಮವಾರದಿಂದ ಹುಡುಗಿ ಶಾಲೆಗೆ ಬಂದಿಲ್ಲ. ಮೇಷ್ಟ್ರು ಮನೆಗೆ ಬಂದು ಬೆದರಿಸಿದರು ಎಂದು ಅವನು ದೂರು ಕೊಟ್ಟಿದ್ದಾನೆ. ಹೆಡ್‌ಮಾಸ್ಟರ್ ನನಗೆ ನೋಟಿಸ್ ಕೊಟ್ಟು, "ನಾನು ಮೊದಲೇ ಹೇಳಿದ್ದೆ" ಎಂದು ಮೂರು ಸಲ ಹೇಳಿದರು. ಒಂದು ವಾರದಿಂದ ಉಬ್ಬಸ. ಮಾತಾಡಿದ್ದೇ ತಪ್ಪಾಯಿತೇನೋ. ಅವಳ ಮೇಲೆ ಈಗ ಎಷ್ಟು ಬೀಳುತ್ತಿದೆಯೋ ಗೊತ್ತಿಲ್ಲ.

ತಮ್ಮ


ಏಪ್ರಿಲ್ ೩

ಮಹಾವೀರರಿಗೆ,

ಫೈಲು ಬಗಲಲ್ಲಿಟ್ಟುಕೊಂಡು ಒಬ್ಬನೇ ಹೋಗು ಎಂದು ನಿನಗೆ ಯಾರು ಹೇಳಿದರು? ನನ್ನ ಕಾಗದದಲ್ಲಿ ಹತ್ತು ಮನೆ ಎಂದು ಬರೆದಿದ್ದೆ. ಹತ್ತು ಎಂದರೆ ಒಂದಲ್ಲ. ಮಕ್ಕಳಿಗೆ ಗಣಿತವನ್ನೂ ನೀನೇ ಕಲಿಸುತ್ತೀಯಾ?

ಗುರುವಾರದ ಕೂಟದಲ್ಲಿ ಇಷ್ಟು ದಿನ ಬಾಯಿ ಬಿಡದವಳು ನಿನ್ನೆ ನಿನ್ನ ಕಾಗದ ತೆಗೆದು ಓದಿದೆ. ಇವರೇನು ಮಾಡಿಯಾರು, ಅಯ್ಯೋ ಪಾಪ ಎಂದು ಕರವಸ್ತ್ರ ತೆಗೆಯುತ್ತಾರೆ ಎಂದುಕೊಂಡಿದ್ದೆ. ಬಿಕ್ಕಮ್ಮ ಕರವಸ್ತ್ರ ತೆಗೆದಳು, ಮೂಗು ಒರೆಸಿಕೊಂಡಳು, ಆಮೇಲೆ ಕೇಳಿದಳು: "ಅರ್ಜಿ ಯಾವ ನಮೂನೆಯಲ್ಲಿ ಕೊಟ್ಟಿದ್ದಾರೆ?"

ಹತ್ತೊಂಬತ್ತು ವರ್ಷ ಮಕ್ಕಳ ರಕ್ಷಣಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳಂತೆ. ಎರಡು ತಿಂಗಳು ಅವಳ ಪಕ್ಕ ಕೂತು ನಾನು ಅವಳ ಬಿಕ್ಕು ಎಣಿಸುತ್ತಿದ್ದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅರ್ಜಿ ಮೇಲೆ ಒಂದೇ ಹೆಸರಿದ್ರೆ ಅದು ಕಪಾಟಿಗೆ ಹೋಗುತ್ತೆ. ಐದಾರು ಹೆಸರಿದ್ರೆ ಮೇಜಿನ ಮೇಲೇ ಇರುತ್ತೆ, ಸಾಹೇಬ್ರಿಗೆ ದಿನಾ ಕಾಣುತ್ತೆ. ಮೊದಲು ತಾಯಿ ಹತ್ರ ಹೋಗ್ಬೇಕು, ಅವನಿಲ್ಲದಾಗ, ಅವಳ ಕಾರ್ಖಾನೆ ಗೇಟಿನ ಹತ್ರ. ಅವನ ಹತ್ರ ಮಾತೇ ಆಡ್ಬಾರ್ದು. ಅವನ ಹತ್ರ ಮಾತಾಡೋಕೆ ಸರ್ಕಾರ ಸಂಬಳ ಕೊಟ್ಟು ಜನ ಇಟ್ಟಿದೆ."

ಪೋಸ್ಟ್‌ಮ್ಯಾನ್ ಬಿಸ್ಕತ್ತಿನ ಡಬ್ಬಿ ಮುಚ್ಚಿ, "ಒಬ್ಬ ಹೋದ್ರೆ ಜಗಳ ಅಂತಾರೆ. ಮೆಟ್ಟಿಲಿನ ಮನೆಯವರೆಲ್ಲ ಬರೆದುಕೊಟ್ರೆ ಸಾಕ್ಷಿ ಅಂತಾರೆ. ಅವರನ್ನ ಒಂದ್ಸಲ ಒಪ್ಪಿಸ್ಬೇಕು," ಎಂದ. ಒಪ್ಪಿಸುವುದು ನನ್ನಿಂದಾಗದು, ನನಗೆ ಅವಮಾನ ಮಾಡಲು ಮಾತ್ರ ಬರುತ್ತದೆ ಎಂದೆ. "ಅದೂ ನಡೆಯುತ್ತೆ," ಎಂದ ಆ ಸಂತ.

ನಮೂನೆಗಳು ಜೊತೆಗಿವೆ. ತಾಯಿಯನ್ನು ನೀನು ನೋಡು. ಎದುರಿಗೆ ನಿಂತು ಮೆಲ್ಲಗೆ ಮಾತಾಡುವುದು ನಿನಗೆ ಬರುತ್ತದೆ. ಭಾನುವಾರ ಹನ್ನೊಂದಕ್ಕೆ ಬಸ್ಸಿಳಿಯುತ್ತೇನೆ. ಮುಖ ಸಪ್ಪಗೆ ಮಾಡಿಕೊಂಡು ನಿಲ್ದಾಣಕ್ಕೆ ಬರಬೇಡ, ಸರಿಯಾದ ಮುಖ ಹಾಕಿಕೊಂಡು ಬಾ.

ಅಕ್ಕ


ಮೇ ೨೦

ಅಕ್ಕಾ,

ನೀನು ವಾಪಸು ಹೋಗಿ ಆರು ವಾರವಾಯಿತು. ಆಗಿದ್ದನ್ನೆಲ್ಲ ಬರೆಯುತ್ತೇನೆ. ನಿನ್ನ ಬಿಕ್ಕಮ್ಮನವರಿಗೂ ಅಂಚೆಯವರಿಗೂ ಓದಿ ಹೇಳು, ನೀನು ನಡೆಸಿದ್ದನ್ನು ನೀನಾಗಿ ಸರಿಯಾಗಿ ಹೇಳಿರುವುದಿಲ್ಲ.

ಆ ಭಾನುವಾರ ನೀನು ಹುಡುಗಿಯ ಕಟ್ಟಡದ ಎಂಟು ಮನೆಯ ಮುಂದೆಯೂ ನಿಂತು ಎರಡು ಹಾಳೆ ಹಿಡಿದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೊದಲನೇ ಮಹಡಿಯ ಪೇಪರ್ ಹಿಡಿದ ಯಜಮಾನರು "ಬೇರೆಯವರ ಮನೆ ವಿಷಯ ನಮಗ್ಯಾಕಮ್ಮ" ಎಂದಾಗ ನೀನು ಹೇಳಿದ್ದು:

"ಬೇಡ ಬಿಡಿ. ಈ ಹಾಳೇಲಿ 'ಮಗು ಕೂಗೋದು ನಮಗೆ ಕೇಳಿಸಿದೆ' ಅಂತಿದೆ. ಈ ಹಾಳೇಲಿ 'ಯಾವತ್ತೂ ಏನೂ ಕೇಳಿಸಿಲ್ಲ' ಅಂತಿದೆ. ಯಾವುದಾದ್ರೂ ಒಂದಕ್ಕೆ ಸಹಿ ಹಾಕಿ. ನಾಳೆ ಆ ಮಗುಗೆ ಏನಾದ್ರೂ ಆದ್ರೆ ಯಾರಿಗೆ ಕೇಳಿಸಿರಲಿಲ್ಲ ಅಂತ ನಮಗೆ ಗೊತ್ತಿರ್ಬೇಕಲ್ಲ."

ಎರಡನೇ ಹಾಳೆಗೆ ಒಬ್ಬರೂ ಸಹಿ ಹಾಕಲಿಲ್ಲ. ಇಬ್ಬರು ಮುಖದ ಮೇಲೆ ಕದ ಹಾಕಿಕೊಂಡರು. ಐದು ಮನೆಯವರು ಮೊದಲನೆಯದಕ್ಕೆ ಹಾಕಿದರು, ಆ ಯಜಮಾನರೂ ಸೇರಿ. ಆರನೆಯವರು, ಹುಡುಗಿಯ ಮನೆಯ ಕೆಳಗೇ ಇರುವ ಅಜ್ಜಿ, ನಿನ್ನ ಮಾತು ಮುಗಿಯುವವರೆಗೂ ತುಟಿಯನ್ನೇ ನೋಡುತ್ತಿದ್ದರು.

"ನಂಗೆ ಕಿವಿ ಕೇಳಿಸಲ್ಲಮ್ಮ. ಆದ್ರೆ ತಾರಸಿ ಅದುರುತ್ತೆ. ಅದುರುತ್ತೆ ಅಂತ ಬರ್ಕೋ, ಸಹಿ ಹಾಕ್ತೀನಿ."

ಅಲ್ಲಿ ಮಾತ್ರ ನೀನು ಬಯ್ಯಲಿಲ್ಲ.

ತಾಯಿ ಕಾರ್ಖಾನೆಯ ಗೇಟಿನ ಹತ್ತಿರ ಎರಡು ದಿನ ನನ್ನನ್ನು ನೋಡಿಯೂ ನೋಡದವಳಂತೆ ಹೋದಳು. ಮೂರನೇ ದಿನ ಆರು ಸಹಿಯ ಹಾಳೆ ತೋರಿಸಿದೆ. ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿದಳು. "ಇವರಿಗೆಲ್ಲ ಗೊತ್ತಿತ್ತಾ?" ಎಂದಳು. ನಾನು ಹೌದೆಂದೆ. ಅರ್ಜಿಗೆ ತಾನೂ ಸಹಿ ಹಾಕಿದಳು.

ಮರುವಾರ ಮಕ್ಕಳ ರಕ್ಷಣಾ ಅಧಿಕಾರಿಯೂ ಒಬ್ಬ ಮಹಿಳಾ ಪೊಲೀಸೂ ಬಂದರು. ಹುಡುಗಿಯ ಅಪ್ಪ ಈಗ ಆ ಮನೆಗೆ ಕಾಲಿಡುವ ಹಾಗಿಲ್ಲ, ತನ್ನ ಅಣ್ಣನ ಮನೆಯಲ್ಲಿದ್ದಾನೆ. ಕುಡಿತ ಬಿಡಿಸುವ ಕೇಂದ್ರಕ್ಕೆ ವಾರಕ್ಕೊಮ್ಮೆ ಹೋಗಬೇಕು. ಹೋಗುತ್ತಾನೋ ಇಲ್ಲವೋ, ನೋಡಬೇಕು. ತಾಯಿಯ ಪಾಳಿ ಮುಗಿಯುವವರೆಗೆ ಹುಡುಗಿ ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಕೂರುತ್ತಾಳೆ. ಅಂಗಡಿಯವರ ಹೆಂಡತಿ ಫ್ರೇಮುಗಳನ್ನು ಒರೆಸಲು ಕೊಡುತ್ತಾರೆ. ಮಂಗಳವಾರ ಅವರಿಗಾಗುವುದಿಲ್ಲ, ಆವತ್ತು ಅಜ್ಜಿಯ ಮನೆ. ಶಾಲೆಯಲ್ಲಿ ಗಂಟೆ ಹೊಡೆಯುವ ಒಂದು ತಾಸು ಮೊದಲೇ ಒಂದು ಕೋಣೆ ತೆರೆದಿಡುತ್ತೇವೆ, ಹಾಲು ಬ್ರೆಡ್ಡು ಇರುತ್ತದೆ. ಮೊದಲ ದಿನ ಒಬ್ಬಳೇ ಬಂದಳು. ಈಗ ಹದಿನಾಲ್ಕು ಮಕ್ಕಳು. ಈ ಹದಿಮೂರು ಎಲ್ಲಿದ್ದವು ಎಂದು ಯೋಚಿಸಿದರೆ ನನಗೆ ಭಯವಾಗುತ್ತದೆ. ನನ್ನ ನೋಟಿಸ್ ವಾಪಸಾಗಿದೆ. 'ಹೆಡ್‌ಮಾಸ್ಟರರ ದೂರದೃಷ್ಟಿಯ ಯೋಜನೆ' ಎಂದು ಗೋಡೆಯ ಮೇಲೆ ಒಂದು ಪ್ರಕಟಣೆ ಅಂಟಿಸಿದ್ದಾರೆ.

ಹುಡುಗಿ ಇನ್ನೂ ಬೆಂಚಿನ ಮೇಲೆ ನಿದ್ದೆ ಮಾಡುತ್ತಾಳೆ. ಮಾಡಲಿ ಎಂದು ಬಿಟ್ಟಿದ್ದೇನೆ. ಆದರೆ ನಿನ್ನೆ ಪಕ್ಕದವನ ಜೊತೆ ಜಗಳಕ್ಕೆ ಬಿದ್ದು "ಪೆನ್ಸಿಲ್ ನಂದು, ಕೊಡೋ" ಎಂದು ಇಡೀ ತರಗತಿಗೆ ಕೇಳುವಂತೆ ಕಿರುಚಿದಳು. ನಾನು ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಏನನ್ನೋ ಬರೆಯುತ್ತಿರುವಂತೆ ನಿಂತೆ.

ನಿನ್ನ ತಮ್ಮ


ಜೂನ್ ೧೪

ತಮ್ಮ,

ನಿನ್ನ ಕಾಗದವನ್ನು ಕೂಟದಲ್ಲಿ ಓದಿದೆ. ಬಿಕ್ಕಮ್ಮ ಬಿಕ್ಕಲಿಲ್ಲ, ಜೋರಾಗಿ ನಕ್ಕಳು. ಅವಳ ನಗು ಬಿಕ್ಕಿಗಿಂತ ಕೆಟ್ಟದಾಗಿದೆ. ಹೆಡ್‌ಮಾಸ್ಟರ್ ಪ್ರಕಟಣೆಗೆ ಎಲ್ಲರೂ ಸೇರಿ ಒಂದು ಅಭಿನಂದನಾ ಪತ್ರ ಬರೆಯೋಣ ಎಂದೆ. ಪೋಸ್ಟ್‌ಮ್ಯಾನ್ ಒಪ್ಪಲಿಲ್ಲ. ಪ್ರಕಟಣೆ ಅಂಟಿಸಿದ ಮೇಲೆ ಆ ಕೋಣೆಗೆ ಬೀಗ ಹಾಕಲು ಹೆಡ್‌ಮಾಸ್ಟರಿಗೇ ನಾಚಿಕೆಯಾಗುತ್ತದೆ, ಇರಲಿ ಬಿಡಿ, ಎಂದ.

ನನ್ನ ಬಿ.ಪಿ. ಈಗ ನೂರ ಐವತ್ತು. ಮೂತ್ರಪಿಂಡದ ಹೋದ ಅರ್ಧ ಬರುವುದಿಲ್ಲವಂತೆ. ಉಳಿದ ಅರ್ಧವನ್ನು ಕಾಯಬಹುದಂತೆ.

ಈಗ ಬರೆಯಬೇಕಾದ್ದು ಬೇರೆ. ಅವತ್ತು ಆ ಮೆಟ್ಟಿಲಿನಲ್ಲಿ ಎಂಟು ಮನೆಯವರ ಮುಖಕ್ಕೆ ಉಗಿದು, ಬಸ್ಸು ಹತ್ತಿ ಕೂತಾಗ ಮೊದಲು ಹೆಮ್ಮೆಯಾಯಿತು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಬೆವರಿತು. ಆ ಹುಡುಗಿಗೆ ಎಂಟು ವರ್ಷ. ನಾನು ಮನೆ ಬಿಟ್ಟಾಗ ನಿನಗೂ ಎಂಟು. ಕಿಟಕಿ ಹಾಕಿಕೊಂಡ ಟೈಲರ್ ಹೆಂಡತಿಯನ್ನು ಮೂವತ್ತು ವರ್ಷ ಬಯ್ದುಕೊಂಡು ಬಂದೆ. ಅವಳು ಕಿಟಕಿ ಹಾಕಿಕೊಂಡಳು, ಆದರೆ ಅಲ್ಲೇ ಇದ್ದಳು. ನಾನು ಊರನ್ನೇ ಬಿಟ್ಟೆ.

ಮಧ್ಯಾಹ್ನ ಮೂರು ಗಂಟೆ. ಅಪ್ಪ ಕುಡಿದು ಒಳಕೋಣೆಯಲ್ಲಿ ಮಲಗಿದ್ದ. ನೀನು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಒಂದು ಚೀಲ ತೆಗೆದುಕೊಂಡು ಹೊರಟೆ. ನಾನು ಸೇರಿದ್ದ ಹೆಂಗಸರ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದು ಕಾರಣ, ನೆವವೂ ಹೌದು. ನಿನ್ನನ್ನು ಕರೆದೊಯ್ಯಲು ಮೂರು ತಿಂಗಳಲ್ಲಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ, ಎರಡು ವರ್ಷ ಬಿಟ್ಟು ಬಂದೆ. "ನಂಗೆ ಶಾಲೆ ಇದೆ, ಬರಲ್ಲ" ಎಂದೆ ನೀನು. ಅಷ್ಟರಲ್ಲಿ ನಿನಗೆ ಉಬ್ಬಸ ಹತ್ತಿತ್ತು. ಅಮ್ಮನನ್ನು ಓಡಿಹೋದವಳು ಎಂದು ಇಷ್ಟು ವರ್ಷ ಯಾವ ಬಾಯಲ್ಲಿ ಅಂದೆನೋ, ಅದೇ ಬಾಯಿಂದ ಇದನ್ನೂ ಹೇಳುತ್ತಿದ್ದೇನೆ.

ಇದನ್ನು ಯಾವತ್ತೂ ಎತ್ತಿ ಆಡದ ನಿನ್ನ ಒಳ್ಳೆಯತನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಮಾಡಿಕೋ. ಬಯ್ದು ಬರೆ. ಬರೆಯದಿದ್ದರೆ ನಾನೇ ಬಂದು ಬಯ್ಯಿಸಿಕೊಳ್ಳುತ್ತೇನೆ.

ಅಕ್ಕ


ಜೂನ್ ೨೨

ಅಕ್ಕಾ,

ಸಿಟ್ಟಿದೆ. ಇಲ್ಲವೆಂದರೆ ನೀನು ನಂಬುವುದಿಲ್ಲ. ನೀನು ಹೋದ ಮೇಲೆ ಮೊದಲ ವರ್ಷ ದಿನಾ ಸಂಜೆ ಐದಕ್ಕೆ ಒಬ್ಬನೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನೀನು ಎರಡು ವರ್ಷ ಬಿಟ್ಟು ಹೊಸ ಲಂಗ ಉಟ್ಟು ಬಂದಾಗ ನಿನ್ನನ್ನು ಕಲ್ಲಿನಿಂದ ಹೊಡೆಯಬೇಕು ಅನ್ನಿಸಿತು. ಶಾಲೆ ಇದೆ ಎಂದದ್ದು ಅದಕ್ಕೇ. ನಿನಗೆ ನೋವಾಗಲಿ ಎಂದು. ನಿನ್ನ ಮುಖ ನೋಡಿ, ಆಯಿತು ಎಂದು ಗೊತ್ತಾಗಿ, ಸಮಾಧಾನವಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆದರೆ ಆ ಮಧ್ಯಾಹ್ನ ನಾನು ನಿದ್ದೆ ಮಾಡುತ್ತಿರಲಿಲ್ಲ.

ನೀನು ಚೀಲಕ್ಕೆ ಬಟ್ಟೆ ತುಂಬುವುದು ಕೇಳಿಸುತ್ತಿತ್ತು. ನೀನು ಮಂಚದ ಪಕ್ಕ ತುಂಬ ಹೊತ್ತು ನಿಂತಿದ್ದೆ. ತಿರುಗಿದರೆ ನೀನು ಹೋಗುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೆ ತಿರುಗಲಿಲ್ಲ. ಹಿಂದಿನ ರಾತ್ರಿ ಅಪ್ಪ ನಿನ್ನ ತಲೆಯನ್ನು ಗೋಡೆಗೆ ಬಡಿದಿದ್ದ. ಇನ್ನೊಂದು ಸಲ ಹಾಗಾದರೆ ನೀನು ಸತ್ತೇಹೋಗುತ್ತೀಯ ಎಂದು ನಾನು ಲೆಕ್ಕ ಹಾಕಿದ್ದೆ.

ಮುಂಬಾಗಿಲಿಗೆ ಸ್ಪ್ರಿಂಗ್ ಇತ್ತು, ನೆನಪಿದೆಯಾ? ಬಿಟ್ಟರೆ ಇಡೀ ಮನೆ ನಡುಗುವ ಹಾಗೆ ಬಡಿಯುತ್ತಿತ್ತು. ನೀನು ದಾಟಿದ ಕೂಡಲೇ ಮಂಚದಿಂದ ಇಳಿದು ಓಡಿಬಂದು ಒಳಗಿನಿಂದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಿನ್ನ ಚಪ್ಪಲಿಯ ಸದ್ದು ಕೆಳಗಿನ ಮೆಟ್ಟಿಲು ದಾಟುವವರೆಗೆ ಬಾಗಿಲನ್ನು ಇಷ್ಟಿಷ್ಟೇ ಬಿಡುತ್ತಾ ಬಂದೆ. ಬಡಿಯಲಿಲ್ಲ. ಐದು ಗಂಟೆಗೆ ಅಪ್ಪ ಎದ್ದು "ಅವಳೆಲ್ಲಿ?" ಎಂದ. ಗೊತ್ತಿಲ್ಲ ಎಂದೆ.

ನೀನೊಬ್ಬಳೇ ಹೋಗಲಿಲ್ಲ, ಅಕ್ಕಾ. ನಾನು ಕಳಿಸಿದೆ. ಅಷ್ಟರ ಮಟ್ಟಿಗೆ ನನ್ನ ಪಾಲನ್ನೂ ಲೆಕ್ಕಕ್ಕೆ ಸೇರಿಸು.

ನಿನ್ನ ತಮ್ಮ


ಜುಲೈ ೩

ತಮ್ಮ,

ಕಾಗದ ಬಂದದ್ದು ಮಂಗಳವಾರ. ನೆಲಮಾಳಿಗೆಯಲ್ಲೇ, ಒಗೆದು ಗುಡ್ಡೆ ಹಾಕಿದ ಹೊದಿಕೆಗಳ ಮೇಲೆ ಕೂತು ಓದಿದೆ. ಜೊತೆಯ ಹೆಂಗಸು ಮತ್ತೆ ಕೈ ಬಿದ್ದುಹೋಯಿತೇನೋ ಎಂದು ಹೆದರಿ ಮೇಲಕ್ಕೆ ಓಡಿದಳು. ಮೂರ್ಖಳು. ಆದರೆ ವೇಗವಾಗಿ ಓಡುತ್ತಾಳೆ.

ಡಾಕ್ಟರಮ್ಮ ಬಂದು ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ನೂರ ಎಂಬತ್ತು.

"ಇಷ್ಟು ಯಾಕೆ ಏರಿದೆ? ಮಾತ್ರೆ ಬಿಟ್ಟಿದ್ದೀರಾ?"

"ಇಲ್ಲ. ತಮ್ಮನ ಕಾಗದ ಬಂತು."

"ಕೆಟ್ಟ ಸುದ್ದಿನಾ?"

ನಾನು ಕಾಗದವನ್ನು ಅವಳ ಕೈಗೆ ಕೊಟ್ಟೆ. ನಿನ್ನನ್ನು ಕೇಳದೆ ಕೊಟ್ಟೆ, ಬೇಕಾದರೆ ಇದಕ್ಕೂ ಸಿಟ್ಟು ಮಾಡಿಕೋ. ಅವಳು ನಿಂತುಕೊಂಡು ಓದಲು ಶುರುಮಾಡಿದಳು. ಬಾಗಿಲಿನ ಭಾಗಕ್ಕೆ ಬಂದಾಗ ನನ್ನ ಪಕ್ಕದಲ್ಲಿ ಹೊದಿಕೆಗಳ ಮೇಲೆ ಕೂತುಬಿಟ್ಟಳು, ಬಿಳಿ ಕೋಟು ಸುಕ್ಕಾಗುತ್ತದೆ ಎಂಬ ಪರಿವೆಯೂ ಇಲ್ಲದೆ. ಹನ್ನೊಂದು ವರ್ಷ ಓದಿದವಳು ಆ ಭಾಗವನ್ನು ಮತ್ತೆ ಮೊದಲಿನಿಂದ ಓದಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಪಟ್ಟಿ ಸುತ್ತಿ ನೋಡಿದಳು.

ನೂರ ಮೂವತ್ತೆಂಟು. ಯಂತ್ರ ಕೆಟ್ಟಿದೆಯೇನೋ ಎಂದು ಮೂರನೇ ಸಲ ನೋಡಿದಳು. ಅಷ್ಟೇ ಇತ್ತು.

ಅಕ್ಕ